ನೋಂಪಿಯ ಉದ್ಯಾಪನೆಗೆ ಒಂದು ಗ್ರಂಥ

ಜ್ಯೇಷ್ಠ ಶುಕ್ಲ ಪಂಚಮಿ ಬಂತೆಂದರೆ ನಮ್ಮ ಬಸದಿಗಳಲ್ಲಿ ಶಾಸ್ತ್ರದ ಕಪಾಟಿನ ಬಾಗಿಲು ತೆರೆಯುತ್ತದೆ. ಗ್ರಂಥಗಳ ಧೂಳು ಝಾಡಿಸುತ್ತೇವೆ. ಹಳೆಯ ವಸ್ತ್ರ ಬಿಚ್ಚಿ ಹೊಸ ವಸ್ತ್ರ ಸುತ್ತುತ್ತೇವೆ. ಮಣೆಯ ಮೇಲಿಟ್ಟು ಅಷ್ಟದ್ರವ್ಯಗಳಿಂದ ಶ್ರುತಪೂಜೆ ಮಾಡುತ್ತೇವೆ. ಸಂಜೆಯಾಗುತ್ತಲೂ ಮತ್ತೆ ಕಪಾಟಿನೊಳಗಿಟ್ಟು ಕೀಲಿ ಹಾಕುತ್ತೇವೆ. ಮುಂದಿನ ಪಂಚಮಿಯವರೆಗೆ ಆ ಕೀಲಿಕೈ ಪಂಚರೊಬ್ಬರ ಮನೆಯ ಗೂಟಕ್ಕೆ ತೂಗುತ್ತಿರುತ್ತದೆ.

ಈ ಅಂಕಣದಲ್ಲಿ ನಾವು ಮಹನೀಯರ ಚರಿತ್ರೆಗಳನ್ನು ಒಬ್ಬೊಬ್ಬರದಾಗಿ ಹೇಳುತ್ತ ಬಂದಿದ್ದೇವೆ. ಈ ಸಲ ಒಂದು ಸಾಲಿನ ಕತೆಯನ್ನೇ ಹೇಳಬೇಕೆಂದಿದ್ದೇವೆ. ಆ ಕಪಾಟಿನೊಳಗಿನ ಗ್ರಂಥಗಳು ನಮ್ಮ ತನಕ ಬರಲು ಕಾರಣರಾದವರ ಸಾಲು ಅದು. ಅದರಲ್ಲಿ ಮುನಿಗಳಿದ್ದಾರೆ, ದಂಡನಾಯಕರ ಮನೆಯ ಹೆಣ್ಣುಮಗಳಿದ್ದಾಳೆ, ನೋಂಪಿ ನೋಂತ ಶ್ರಾವಿಕೆಯರಿದ್ದಾರೆ, ನಮ್ಮಂತೆ ತಕ್ಕಡಿ ಹಿಡಿದ ವ್ಯಾಪಾರಿಗಳಿದ್ದಾರೆ, ಹೆಸರು ಅಷ್ಟಾಗಿ ಯಾರಿಗೂ ಗೊತ್ತಿರದ ಒಬ್ಬ ಉಪಾಧ್ಯಾಯರ ಧರ್ಮಪತ್ನಿಯಿದ್ದಾರೆ. ನಾವು ಪಂಡಿತರಲ್ಲ. ಮೆಟ್ರಿಕ್ ಮುಗಿಸಿ ಅಡತಿ ಅಂಗಡಿಯ ಗಾದಿಯ ಮೇಲೆ ಕುಳಿತವರು. ಲೆಕ್ಕ ಬರೆಯುವವರ ಕಣ್ಣಿಗೆ ಕಂಡಷ್ಟನ್ನು ಹೇಳುತ್ತೇವೆ. ತಪ್ಪಿದ್ದಲ್ಲಿ ಬಲ್ಲವರು ತಿದ್ದಬೇಕು.

ವೃದ್ಧ ಗುರುವಿನ ಚಿಂತೆ

ಭಗವಾನ್ ಮಹಾವೀರರು ನಿರ್ವಾಣ ಹೊಂದಿ ಆರೇಳು ನೂರು ವರ್ಷ ಕಳೆದಿತ್ತು. ಆಗಮವು ಅಲ್ಲಿಯವರೆಗೆ ಗುರುವಿನ ಬಾಯಿಯಿಂದ ಶಿಷ್ಯನ ಕಿವಿಗೆ ಬಂದುದು. ಸೌರಾಷ್ಟ್ರದ ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರಿಗೆ ವಯಸ್ಸಾಗಿತ್ತು. ತಮಗೆ ತಿಳಿದಿರುವುದು ತಮ್ಮೊಡನೆಯೇ ಹೋದೀತೆಂಬ ಚಿಂತೆ ಅವರಿಗೆ ಹತ್ತಿತು. ದಕ್ಷಿಣದ ಮುನಿಸಂಘಕ್ಕೆ ಪತ್ರ ಕಳಿಸಿದರು. ಆ ಸಂಘ ಇಬ್ಬರು ಮುನಿಗಳನ್ನು ಆರಿಸಿ ಕಳಿಸಿತು. ಅವರೇ ಪುಷ್ಪದಂತರು ಮತ್ತು ಭೂತಬಲಿಗಳು.

ಗುರುಗಳು ಅವರಿಗೆ ಒಮ್ಮೆಲೇ ಪಾಠ ಹೇಳಲಿಲ್ಲ, ಮೊದಲು ಪರೀಕ್ಷಿಸಿದರು. ಒಬ್ಬರಿಗೆ ಒಂದು ಅಕ್ಷರ ಹೆಚ್ಚಿರುವ ಮಂತ್ರವನ್ನೂ ಇನ್ನೊಬ್ಬರಿಗೆ ಒಂದು ಅಕ್ಷರ ಕಡಿಮೆಯಿರುವ ಮಂತ್ರವನ್ನೂ ಕೊಟ್ಟು ಸಾಧಿಸಲು ಹೇಳಿದರು. ಒಬ್ಬರ ಮುಂದೆ ಹಲ್ಲು ಹೊರಚಾಚಿದ ದೇವಿ ಬಂದು ನಿಂತಳು. ಇನ್ನೊಬ್ಬರ ಮುಂದೆ ಒಕ್ಕಣ್ಣಿನ ದೇವಿ. ದೇವತೆಗಳ ಸ್ವರೂಪ ಹೀಗಿರದು, ಮಂತ್ರದಲ್ಲಿಯೇ ಏನೋ ಹೆಚ್ಚುಕಡಿಮೆಯಾಗಿದೆ ಎಂದು ಇಬ್ಬರೂ ತಾವೇ ಅರಿತು, ಅಕ್ಷರಗಳನ್ನು ಸರಿಪಡಿಸಿ ಜಪಿಸಿದರು. ದೇವಿಯರು ಸರಿಯಾದ ರೂಪದಲ್ಲಿ ಕಾಣಿಸಿದರು. ಕೀರ್ದಿಯಲ್ಲಿ ಒಂದು ಸೊನ್ನೆ ಹೆಚ್ಚು ಬಿದ್ದರೂ ಕಡಿಮೆ ಬಿದ್ದರೂ ರಾತ್ರಿ ನಿದ್ದೆ ಬಾರದ ನಮ್ಮಂಥವರಿಗೆ ಈ ಪರೀಕ್ಷೆಯ ಅರ್ಥ ಬೇಗ ಆಗುತ್ತದೆ. ವಿದ್ಯೆ ಕೊಡುವ ಮೊದಲು, ತೆಗೆದುಕೊಳ್ಳುವವನು ತಪ್ಪನ್ನು ತಪ್ಪೆಂದು ಗುರುತಿಸಬಲ್ಲನೇ ಎಂಬುದನ್ನು ಗುರುಗಳು ನೋಡಿದರು.

ಪಾಠ ಮುಗಿದ ಮೇಲೆ ಇಬ್ಬರೂ ಅಂಕಲೇಶ್ವರದಲ್ಲಿ ವರ್ಷಾಯೋಗ ಮುಗಿಸಿ ದಕ್ಷಿಣಕ್ಕೆ ಬಂದರು. ಪುಷ್ಪದಂತರು ವನವಾಸ ದೇಶಕ್ಕೆ, ಅಂದರೆ ಬನವಾಸಿಯ ಸೀಮೆಗೆ ಬಂದರು. ಭೂತಬಲಿಗಳು ದ್ರಮಿಳ ದೇಶಕ್ಕೆ ಹೋದರು. ಪುಷ್ಪದಂತರು 177 ಸೂತ್ರಗಳನ್ನು ರಚಿಸಿ, ಶಿಷ್ಯ ಜಿನಪಾಲಿತನ ಕೈಯಲ್ಲಿ ಭೂತಬಲಿಗಳಿಗೆ ಕಳಿಸಿದರು. ಪುಷ್ಪದಂತರ ಆಯುಷ್ಯ ಇನ್ನು ಹೆಚ್ಚಿಲ್ಲವೆಂದು ತಿಳಿದ ಭೂತಬಲಿಗಳು ಮುಂದಿನ ಭಾರವನ್ನೆಲ್ಲ ತಾವೇ ಹೊತ್ತು ಷಟ್ಖಂಡಾಗಮವನ್ನು ಪೂರ್ತಿ ಮಾಡಿದರು. ಗ್ರಂಥವು ಲಿಪಿಯಲ್ಲಿಳಿದು ಸಂಘದ ಪೂಜೆ ಪಡೆದ ದಿನವೇ ಜ್ಯೇಷ್ಠ ಶುಕ್ಲ ಪಂಚಮಿ, ನಮ್ಮ ಶ್ರುತಪಂಚಮಿ. ಮುಂದೆ ವೀರಸೇನಾಚಾರ್ಯರು ಇದಕ್ಕೆ 72,000 ಶ್ಲೋಕ ಪ್ರಮಾಣದ ಧವಲಾ ಟೀಕೆ ಬರೆದರು. ವಿದ್ವಾಂಸರು ಅದರ ಕಾಲವನ್ನು ಕ್ರಿ.ಶ. 816 ಎಂದು ಎಣಿಸಿದ್ದಾರೆ. ಕಷಾಯಪ್ರಾಭೃತಕ್ಕೆ ಅವರೇ ಆರಂಭಿಸಿದ ಜಯಧವಲಾ ಟೀಕೆಯನ್ನು ಶಿಷ್ಯರಾದ ಜಿನಸೇನರು 837ರಲ್ಲಿ ಮುಗಿಸಿದರು. ಅದು 60,000 ಶ್ಲೋಕ ಪ್ರಮಾಣ.

ಬರೆಯಿಸಿ ಕೊಟ್ಟ ತಾಯಂದಿರು

ಗ್ರಂಥ ಬರೆದರೆ ಕೆಲಸ ಮುಗಿಯಿತೇ? ಓಲೆಗರಿಗೂ ಆಯುಷ್ಯವಿದೆ. ಹುಳ ತಿನ್ನುತ್ತದೆ, ಮಳೆಗಾಲದ ಥಂಡಿ ಹಿಡಿಯುತ್ತದೆ, ಗರಿ ಮುರಿಯುತ್ತದೆ. ಹಳೆಯ ಪ್ರತಿ ಹಾಳಾಗುವ ಮೊದಲೇ ಹೊಸ ಪ್ರತಿ ಎತ್ತಬೇಕು. ಅದಕ್ಕೆ ಓಲೆ ಬೇಕು, ಲಿಪಿಕಾರ ಬೇಕು, ಅವನ ಕುಟುಂಬಕ್ಕೆ ಕಾಳುಕಡಿ ಬೇಕು. ಇಷ್ಟೆಲ್ಲ ಖರ್ಚು ಹಾಕುವವರು ಯಾರು?

ಈ ಪ್ರಶ್ನೆ ಬಂದಾಗ ಕನ್ನಡಿಗರಿಗೆ ಮೊದಲು ನೆನಪಾಗುವ ಹೆಸರು ದಾನಚಿಂತಾಮಣಿ ಅತ್ತಿಮಬ್ಬೆ. ಹತ್ತನೆಯ ಶತಮಾನದ ಕೊನೆಯ ಭಾಗ, ಚಾಳುಕ್ಯರ ಕಾಲ. ತಂದೆ ಮಲ್ಲಪ, ಗಂಡ ದಂಡನಾಯಕ ನಾಗದೇವ. ನಾಗದೇವ ಯುದ್ಧದಲ್ಲಿ ಮಡಿದ. ಅವನನ್ನೇ ವರಿಸಿದ್ದ ತಂಗಿ ಗುಂಡಮಬ್ಬೆ ಚಿತೆಯೇರಿದಳು. ಅತ್ತಿಮಬ್ಬೆ ಮಗ ಅಣ್ಣಿಗದೇವನನ್ನು ಸಾಕುವುದಕ್ಕಾಗಿ ಉಳಿದಳು. ಉಳಿದ ಆಯುಷ್ಯವನ್ನು ಆಕೆ ಹೇಗೆ ಸವೆಸಿದಳೆಂಬುದು ಲಕ್ಕುಂಡಿಯ ಬಸದಿಯನ್ನು ನೋಡಿದವರಿಗೆಲ್ಲ ಗೊತ್ತು. ಬಂಗಾರದ 1,500 ಜಿನಬಿಂಬಗಳನ್ನು ಮಾಡಿಸಿ ದಾನ ಕೊಟ್ಟಳೆಂದು ಪ್ರಸಿದ್ಧಿ. ಮುದುವೊಳಲಿನ ಬಳೆಗಾರರ ಮನೆಯ ಹುಡುಗ ರನ್ನನಿಗೆ ಆಶ್ರಯವಿತ್ತು 993ರಲ್ಲಿ ಅಜಿತಪುರಾಣ ಬರೆಯಿಸಿದಳು. ವ್ಯಾಪಾರಿಯ ಮಗನೊಬ್ಬ ಕವಿಚಕ್ರವರ್ತಿಯಾದುದರ ಹಿಂದೆ ಈ ತಾಯಿಯ ಕೈಯಿದೆ.

ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಬೇರೊಂದು ದಾನ. ಅವಳ ತಂದೆ ಮಲ್ಲಪ ಮತ್ತು ಚಿಕ್ಕಪ್ಪ ಪುನ್ನಮಯ್ಯ ತಮ್ಮ ಗುರುಗಳ ಸ್ಮರಣೆಗಾಗಿ ಪೊನ್ನ ಕವಿಯಿಂದ ಶಾಂತಿಪುರಾಣ ಬರೆಯಿಸಿದ್ದರು. ಅತ್ತಿಮಬ್ಬೆ ಅದರ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಇದನ್ನು ಲೆಕ್ಕ ಹಾಕಿ ನೋಡಿರಿ. ಒಬ್ಬ ಲಿಪಿಕಾರ ತಿಂಗಳಿಗೊಂದು ಪ್ರತಿ ಬರೆದನೆಂದೇ ಹಿಡಿಯೋಣ. ಸಾವಿರ ಪ್ರತಿಗೆ ಸಾವಿರ ತಿಂಗಳು, ಎಂದರೆ 83 ವರ್ಷ ಮೀರಿತು. ಎಷ್ಟು ಜನ ಲಿಪಿಕಾರರನ್ನು ಕೂಡಿಸಿರಬೇಕು, ಎಷ್ಟು ಗಾಡಿ ಓಲೆ ತರಿಸಿರಬೇಕು! ಅಪ್ಪನ ಆಸ್ತಿ ಎಂದರೆ ಹೊಲ, ಮನೆ, ಬೆಳ್ಳಿ, ಬಂಗಾರ ಎಂದು ನಾವು ಪಾಲು ಕೇಳುತ್ತೇವೆ. ಅಪ್ಪ ಬರೆಯಿಸಿದ ಪುಸ್ತಕವೂ ಆಸ್ತಿಯೆಂದು ತಿಳಿದವಳು ಅತ್ತಿಮಬ್ಬೆ. ಅದನ್ನು ಪೆಟ್ಟಿಗೆಯಲ್ಲಿಡದೆ ಸಾವಿರ ಮನೆಗೆ ಹಂಚಿದಳು.

ಮುಂದೆ ನೂರು ವರ್ಷಕ್ಕೆ, ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ, ಮಂಡಲಿನಾಡಿನಲ್ಲಿ ದೇಮಿಯಕ್ಕ ಎಂಬ ಶ್ರಾವಿಕೆಯಿದ್ದಳು. ಭುಜಬಲ ಗಂಗ ಪೆರ್ಮಾಡಿದೇವನಿಗೆ ಅತ್ತೆ. ಅವಳು ಶ್ರುತಪಂಚಮಿಯ ನೋಂಪಿ ನೋಂತಳು. ನೋಂಪಿ ಮುಗಿದು ಉದ್ಯಾಪನೆಯ ಹೊತ್ತಿಗೆ ಏನು ಕೊಟ್ಟಳು ಗೊತ್ತೇ? ಧವಲಾ ಗ್ರಂಥವನ್ನು ಬರೆಯಿಸಿ, ಶ್ರುತಪೂಜೆ ಮಾಡಿ, ಬನ್ನಿಕೆರೆಯ ಚೈತ್ಯಾಲಯದ ತನ್ನ ಗುರುಗಳಾದ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಹಾಗೆಯೇ ಮಲ್ಲಿಕಬ್ಬೆ ಎಂಬ ಇನ್ನೊಬ್ಬ ಶ್ರಾವಿಕೆ ಪಂಚಮಿಯ ನೋಂಪಿಯ ಉದ್ಯಾಪನೆಗೆ ಮಹಾಬಂಧವನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಕೊಟ್ಟಳು. ಈ ಸಂಗತಿಗಳು ಆ ಓಲೆಗ್ರಂಥಗಳ ಕೊನೆಯಲ್ಲಿಯೇ ದಾಖಲಾಗಿವೆ. ಮುಂದೆ ಈ ಓಲೆಗಳೆಲ್ಲ ಮೂಡುಬಿದಿರೆಯ ಸಿದ್ಧಾಂತ ಬಸದಿಯನ್ನು ಸೇರಿದವು. ಧವಲಾದ ಮೂಲ ಓಲೆಗಳು ಭರತಖಂಡದಲ್ಲಿ ಉಳಿದದ್ದು ಅದೊಂದೇ ಕಡೆಯಲ್ಲಿ. ಎಂದರೆ ಆ ಹೆಣ್ಣುಮಕ್ಕಳು ತಮ್ಮ ನೋಂಪಿಗೆ ಬೇರೇನನ್ನೋ ಕೊಟ್ಟು ಕೈ ತೊಳೆದುಕೊಂಡಿದ್ದರೆ ಇಂದು ನಮ್ಮ ಕಪಾಟಿನಲ್ಲಿ ಏನಿರುತ್ತಿತ್ತು?

ಸೊಲ್ಲಾಪುರದ ಶೇಠರು

ಮೂಡುಬಿದಿರೆಯವರು ಆ ಓಲೆಗಳನ್ನು ಪ್ರಾಣದಂತೆ ಕಾಪಾಡಿದರು. ಅರಸೊತ್ತಿಗೆಗಳು ಬಂದು ಹೋದವು, ದಂಡು ದಾಳಿಗಳು ನಡೆದವು. ಭಟ್ಟಾರಕರೂ ಪಂಚರೂ ಕೀಲಿಯನ್ನು ಬಿಟ್ಟುಕೊಡಲಿಲ್ಲ. ಯಾತ್ರಿಕರು ಹೋದರೆ ಓಲೆಗಳ ದರ್ಶನ ಮಾಡಿಸುತ್ತಿದ್ದರು, ಕೈಮುಗಿದು ಬರುತ್ತಿದ್ದರು. ಓದುವವರು ಮಾತ್ರ ಇಲ್ಲವಾಗುತ್ತ ಬಂದರು. ಹಳಗನ್ನಡದ ಲಿಪಿ, ಪ್ರಾಕೃತ ಭಾಷೆ, ಗಹನವಾದ ವಿಷಯ. ಗ್ರಂಥವು ಕಣ್ಣೆದುರಿಗಿದ್ದೂ ಮೂಕವಾಗಿತ್ತು.

1883ರ ಸುಮಾರಿಗೆ ಮುಂಬಯಿಯ ಮುತ್ತಿನ ವ್ಯಾಪಾರಿ ಶೇಠ್ ಮಾಣಿಕಚಂದರು ಯಾತ್ರೆಗೆ ಬಂದವರು ಈ ಓಲೆಗಳನ್ನು ಕಂಡರು. ಅವುಗಳ ಜೀರ್ಣಾವಸ್ಥೆ ಅವರ ಮನಸ್ಸಿಗೆ ನಾಟಿತು. ಹಿಂದಿರುಗಿದ ಮೇಲೆ ಗೆಳೆಯರಾದ ಸೊಲ್ಲಾಪುರದ ಶೇಠ್ ಹೀರಾಚಂದ ನೇಮಚಂದ ದೋಶಿಯವರಿಗೆ ತಿಳಿಸಿದರು. ಹೀರಾಚಂದರ ಹೆಸರು ಕೇಳಿದೊಡನೆ ನಮ್ಮ ಕಡೆಯವರು ಅವರ ಮಗ ವಾಲಚಂದರನ್ನು ನೆನೆಯುತ್ತಾರೆ. ಹಡಗು ಕಂಪನಿ, ಬೆಂಗಳೂರಿನಲ್ಲಿ 1940ರಲ್ಲಿ ಸ್ಥಾಪನೆಯಾದ ವಿಮಾನ ಕಾರ್ಖಾನೆ, ಸಕ್ಕರೆ ಕಾರ್ಖಾನೆ ಎಲ್ಲವೂ ಜನಕ್ಕೆ ಗೊತ್ತು. ತಂದೆಯವರ ಕೆಲಸ ಗೊತ್ತಿದ್ದವರು ಕಡಿಮೆ. ಅವರು ವ್ಯಾಪಾರದ ನಡುವೆಯೇ ಸೊಲ್ಲಾಪುರದಿಂದ 'ಜೈನ ಬೋಧಕ' ಪತ್ರಿಕೆ ಹೊರಡಿಸಿದವರು.

ಹೀರಾಚಂದರು ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳನ್ನು ಕರೆದುಕೊಂಡು ಮೂಡುಬಿದಿರೆಗೆ ಹೋದರು. ಶಾಸ್ತ್ರಿಗಳು ಓಲೆ ಬಿಡಿಸಿ ಧವಲಾದ ಮಂಗಳಾಚರಣೆಯನ್ನು ಓದಿ ಹೇಳಿದರು. ಮುಚ್ಚಿದ ಬಾಯಿ ತೆರೆದಂತಾಯಿತು. ಓಲೆಗಳು ಹಾಳಾಗುವ ಮೊದಲು ಪ್ರತಿ ಎತ್ತಿಸಲೇಬೇಕೆಂದು ಶೇಠರು ಸಂಕಲ್ಪ ಮಾಡಿದರು. ಮಾಡಿದ ಸಂಕಲ್ಪ ಕೈಗೂಡಲು ಹತ್ತು ಹನ್ನೆರಡು ವರ್ಷ ಹಿಡಿಯಿತು. ಪಂಚರ ಮನವೊಲಿಸಬೇಕಿತ್ತು, ವಂತಿಗೆ ಕೂಡಿಸಬೇಕಿತ್ತು. ಕೊನೆಗೆ 1896ರಲ್ಲಿ ಕೆಲಸ ಆರಂಭವಾಯಿತು. ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜಿನ ಗಜಪತಿ ಉಪಾಧ್ಯಾಯರೂ ಬರೆಯಲು ಕುಳಿತರು. ಶಾಸ್ತ್ರಿಗಳು ಬೇಗ ತೀರಿಕೊಂಡರು, ಉಪಾಧ್ಯಾಯರು ಮುಂದುವರಿಸಿದರು. ನಾಗರಿಯಲ್ಲಿ ಒಂದು ಪ್ರತಿ, ಜೊತೆಗೆ ಕನ್ನಡದಲ್ಲಿ ಒಂದು ಪ್ರತಿ. ಎಲ್ಲ ಮುಗಿಯುವ ಹೊತ್ತಿಗೆ 1922 ಬಂತು. 26 ವರ್ಷ, ಸುಮಾರು 20,000 ರೂಪಾಯಿ. ಲೆಕ್ಕ ಹಾಕಿದರೆ ತಿಂಗಳಿಗೆ 64 ರೂಪಾಯಿ ಬೀಳುತ್ತದೆ. ದುಡ್ಡಿಗಿಂತ ದೊಡ್ಡದು ಆ ತಾಳ್ಮೆ. ಎರಡು ವರ್ಷದಲ್ಲಿ ಲಾಭ ಬಾರದ ಧಂದೆಗೆ ನಾವು ಕೈ ಹಾಕುವುದಿಲ್ಲ. ಅವರು 26 ವರ್ಷ ನಡೆಯುವ ಕೆಲಸಕ್ಕೆ ದುಡ್ಡು ತೊಡಗಿಸಿ ಕಾದರು. ಮಾಣಿಕಚಂದರು 1914ರಲ್ಲಿ ತೀರಿಕೊಂಡರು, ಕೆಲಸ ಮುಗಿದದ್ದನ್ನು ನೋಡಲಿಲ್ಲ.

ಒಂದು ಮಾತು, ಒಂದು ಪ್ರತಿ

ಇನ್ನು ಹೇಳುವ ಸಂಗತಿ ಸ್ವಲ್ಪ ಕಠಿಣವಾದುದು. ಪ್ರತಿ ಎತ್ತಲು ಅನುಮತಿ ಕೊಟ್ಟಾಗ, ಯಾವ ಪ್ರತಿಯೂ ಮೂಡುಬಿದಿರೆಯಿಂದ ಹೊರಗೆ ಹೋಗಬಾರದೆಂಬ ಮಾತಾಗಿತ್ತು. ಗಜಪತಿ ಉಪಾಧ್ಯಾಯರು ವರ್ಷಗಟ್ಟಲೆ ಆ ಓಲೆಗಳೊಡನೆ ಬದುಕಿದವರು. ಬರೆದ ಪ್ರತಿಯೂ ಅದೇ ಊರಿನಲ್ಲಿ ಕೀಲಿಯೊಳಗೇ ಇರುವುದಾದರೆ ಪ್ರಯೋಜನವೇನೆಂದು ಅವರಿಗೆ ಅನ್ನಿಸಿತು. ಅವರ ಧರ್ಮಪತ್ನಿ ಲಕ್ಷ್ಮೀಬಾಯಿಯವರು ಓದುಬರಹ ಬಲ್ಲ ವಿದುಷಿ. ಗಂಡಹೆಂಡಿರು ಕೂಡಿ ಮನೆಯಲ್ಲಿ ಗುಪ್ತವಾಗಿ ಕನ್ನಡ ಲಿಪಿಯ ಇನ್ನೊಂದು ಪ್ರತಿ ಸಿದ್ಧಮಾಡಿದರು. ಒಲೆ, ಮಡಿ, ಮನೆಗೆಲಸ ಎಲ್ಲ ಮುಗಿಸಿ ದೀಪದ ಮುಂದೆ ಕುಳಿತು ಸಿದ್ಧಾಂತದ ಅಕ್ಷರಗಳನ್ನು ಇಳಿಸುತ್ತಿದ್ದ ಆ ತಾಯಿಯನ್ನು ನಮ್ಮ ಹೆಣ್ಣುಮಕ್ಕಳು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಬೇಕು.

ಉಪಾಧ್ಯಾಯರು ಆ ಪ್ರತಿಯನ್ನು ಹೊತ್ತುಕೊಂಡು ಮೊದಲು ಬಂದದ್ದು ಸೊಲ್ಲಾಪುರಕ್ಕೆ, ಹೀರಾಚಂದರ ಮನೆಗೆ. ಇದನ್ನು ಇಟ್ಟುಕೊಳ್ಳಿರಿ ಎಂದರು. ಯಾವ ಗ್ರಂಥಕ್ಕಾಗಿ ಹೀರಾಚಂದರು ಇಷ್ಟು ವರ್ಷ ಓಡಾಡಿದ್ದರೋ ಆ ಗ್ರಂಥ ತಾನಾಗಿ ಮನೆ ಬಾಗಿಲಿಗೆ ಬಂದು ನಿಂತಿತ್ತು. ಹೀರಾಚಂದರು ಒಲ್ಲೆನೆಂದರು. ಮಾಣಿಕಚಂದರಿಗೂ ಬರೆದು, ನೀವೂ ತೆಗೆದುಕೊಳ್ಳಬೇಡಿರೆಂದು ತಿಳಿಸಿದರು. ಪ್ರತಿ ಹೊರಗೆ ಒಯ್ಯುವುದಿಲ್ಲವೆಂದು ಪಂಚರಿಗೆ ಮಾತು ಕೊಟ್ಟಿದ್ದರಲ್ಲ, ಅದಕ್ಕಾಗಿ. ಕಾಗದವಿಲ್ಲದೆ ಬಾಯಿಮಾತಿನ ಮೇಲೆ ಸಾವಿರಾರು ರೂಪಾಯಿಯ ಮಾಲು ಎತ್ತುತ್ತಿದ್ದ ಪೇಟೆಯ ಮನುಷ್ಯ ಅವರು. ಕೊಟ್ಟ ಮಾತೇ ವ್ಯಾಪಾರಿಯ ಬಂಡವಾಳ.

ಉಪಾಧ್ಯಾಯರು ಉತ್ತರಕ್ಕೆ ಹೊರಟರು. 1915ರ ಸುಮಾರಿಗೆ ಸಹಾರನಪುರದ ಲಾಲಾ ಜಂಬೂಪ್ರಸಾದರು ಆ ಪ್ರತಿಯನ್ನು ತೆಗೆದುಕೊಂಡು ತಮ್ಮ ಮಂದಿರದಲ್ಲಿಟ್ಟರು. ಅಲ್ಲಿ ಅದು ನಾಗರಿಗಿಳಿಯಿತು. ಆಗ ಬರೆಯಲು ಕುಳಿತ ಸೀತಾರಾಮ ಶಾಸ್ತ್ರಿಗಳು ತಮಗಾಗಿಯೂ ಒಂದು ಪ್ರತಿ ಇಟ್ಟುಕೊಂಡರು. ಅದರಿಂದ ಬೇರೆ ಬೇರೆ ಊರುಗಳ ಭಂಡಾರಗಳಿಗೆ ಪ್ರತಿಗಳು ಹರಡಿದವು. ಆ ಪ್ರತಿಗಳನ್ನು ಆಧಾರವಾಗಿಟ್ಟುಕೊಂಡು ಡಾ. ಹೀರಾಲಾಲ ಜೈನರು 1939ರಲ್ಲಿ ಅಮರಾವತಿಯಿಂದ ಧವಲಾದ ಮೊದಲ ಸಂಪುಟವನ್ನು ಹಿಂದಿ ಅನುವಾದದೊಡನೆ ಅಚ್ಚು ಹಾಕಿಸಿದರು. ಖರ್ಚಿಗೆ ವಿದಿಶಾದ ಶೇಠ್ ಲಕ್ಷ್ಮೀಚಂದರು ನಿಧಿ ಕೊಟ್ಟಿದ್ದರು. ಸುಮಾರು ಇಪ್ಪತ್ತು ವರ್ಷಗಳಲ್ಲಿ 16 ಸಂಪುಟಗಳೂ ಹೊರಬಂದವು.

ಇದರಲ್ಲಿ ಯಾರದು ಸರಿ, ಯಾರದು ತಪ್ಪು? ನಾವು ಬಹಳ ಸಲ ಯೋಚಿಸಿದ್ದೇವೆ. ಓಲೆಗಳನ್ನು ಬಿಡದೆ ಕಾದ ಮೂಡುಬಿದಿರೆಯವರಿಲ್ಲದಿದ್ದರೆ ಪ್ರತಿ ಎತ್ತಲು ಏನೂ ಇರುತ್ತಿರಲಿಲ್ಲ. ಮಾತಿಗೆ ನಿಂತ ಹೀರಾಚಂದರನ್ನು ದೂಷಿಸುವ ನಾಲಿಗೆ ನಮಗಿಲ್ಲ. ಲಕ್ಷ್ಮೀಬಾಯಿಯವರ ಕೈಬರಹವಿಲ್ಲದಿದ್ದರೆ ಅಚ್ಚಾದ ಗ್ರಂಥ ಇನ್ನೆಷ್ಟು ವರ್ಷ ತಡವಾಗುತ್ತಿತ್ತೋ ಬಲ್ಲವರಾರು? ಮಾತು ಮುರಿಯಿರೆಂದು ನಾವು ಯಾರಿಗೂ ಹೇಳುವವರಲ್ಲ. ಒಂದು ಮಾತನ್ನು ಮಾತ್ರ ಹೇಳಬಲ್ಲೆವು. ಮೊದಲ ಸಂಪುಟಗಳು ಅಚ್ಚಾಗಿ ಬಂದುದನ್ನು ನೋಡಿದ ಮೇಲೆ ಮೂಡುಬಿದಿರೆಯ ಭಟ್ಟಾರಕರೂ ಪಂಚರೂ ತಾವಾಗಿಯೇ ಮೂಲ ಓಲೆಗಳೊಡನೆ ಪಾಠ ಹೋಲಿಸಿ ನೋಡಲು ಅನುಮತಿ ಕೊಟ್ಟರು. ಮುಂದಿನ ಸಂಪುಟಗಳ ಪಾಠ ಶುದ್ಧವಾದುದು ಅವರ ಉಪಕಾರದಿಂದ. ಕೊನೆಗೆ ಕೀಲಿ ತೆಗೆದದ್ದು ಕೀಲಿ ಕಾದವರೇ. ಆ ದೊಡ್ಡ ಮನಸ್ಸನ್ನು ಮರೆಯಬಾರದು.

ಸೊಲ್ಲಾಪುರದ ಪಾಲು ಅಲ್ಲಿಗೆ ಮುಗಿಯಲಿಲ್ಲ. ಅದೇ ಊರಿನ ಬ್ರಹ್ಮಚಾರಿ ಜೀವರಾಜ ಗೌತಮಚಂದ ದೋಶಿಯವರು ಜೈನ ಸಂಸ್ಕೃತಿ ಸಂರಕ್ಷಕ ಸಂಘವನ್ನು ಸ್ಥಾಪಿಸಿ, 1944ರಲ್ಲಿ ತಮ್ಮ ಆಸ್ತಿಯನ್ನೆಲ್ಲ ಗ್ರಂಥ ಪ್ರಕಾಶನಕ್ಕೆ ಬರೆದುಕೊಟ್ಟರು. ಅವರ ಹೆಸರಿನ ಗ್ರಂಥಮಾಲೆಯನ್ನು ಸಂಪಾದಿಸಿದವರು ಡಾ. ಹೀರಾಲಾಲರು ಮತ್ತು ನಮ್ಮ ಸದಲಗಾದ ಡಾ. ಎ. ಎನ್. ಉಪಾಧ್ಯೆಯವರು. ಧವಲಾದ ತಿದ್ದಿದ ಆವೃತ್ತಿ 1970ರ ದಶಕದಲ್ಲಿ ಹೊರಬಂದದ್ದು ಇದೇ ಸೊಲ್ಲಾಪುರದ ಸಂಘದಿಂದ. ಅಂದು ಹೀರಾಚಂದರು ಬಾಗಿಲಿನಿಂದ ಹಿಂದಕ್ಕೆ ಕಳಿಸಿದ ಗ್ರಂಥ, ಯಾರ ಮಾತಿಗೂ ಭಂಗವಿಲ್ಲದೆ ಅವರ ಊರಿಗೇ ಬಂತು. ಭೋಜ ಗ್ರಾಮದ ಕನ್ನಡದ ಮಗನಾದ ಆಚಾರ್ಯ ಶಾಂತಿಸಾಗರ ಮಹಾರಾಜರು ಹಳೆಯ ಓಲೆಗಳ ಕೆಲವು ಭಾಗ ನಷ್ಟವಾದ ಸುದ್ದಿ ಕೇಳಿ ನೊಂದು, ಈ ಆಗಮಗಳು ತಾಮ್ರಪಟದ ಮೇಲೆ ಕೆತ್ತಲ್ಪಡುವಂತೆ ಪ್ರೇರಣೆ ಕೊಟ್ಟರು. ಆ ತಾಮ್ರಪಟಗಳನ್ನು ಫಲಟಣದಲ್ಲಿ ಇರಿಸಲಾಯಿತು.

ನಮ್ಮ ಖಾತೆಯ ಬಾಕಿ

ಇಷ್ಟು ದೊಡ್ಡವರ ಕತೆ ಹೇಳಿದ ಮೇಲೆ ನಮ್ಮ ಮನೆಯ ಒಂದು ತಪ್ಪನ್ನು ಹೇಳದಿದ್ದರೆ ಲೆಕ್ಕ ಪೂರ್ತಿಯಾಗದು. 1988ರಲ್ಲಿ ನಾವು ಹಳೆಯ ಅಂಗಡಿಯ ಮಾಳಿಗೆ ಕೆಡವಿ ಸ್ಲ್ಯಾಬು ಹಾಕಿಸಿದೆವು. ಅಟ್ಟದ ಮೇಲೆ ಮೂರು ತಲೆಮಾರಿನ ಕೀರ್ದಿ ಖಾತೆಗಳು, ಹುಂಡಿಯ ಚೀಟಿಗಳು, ಗಂಟುಗಳು ಬಿದ್ದಿದ್ದವು. ಬಿಚ್ಚಿ ನೋಡುವ ವ್ಯವಧಾನವಿರಲಿಲ್ಲ. ಹಮಾಲರು ಕೆಳಗಿಳಿಸಿದಂತೆ ಎಲ್ಲವನ್ನೂ ರದ್ದಿಯವನ ತಕ್ಕಡಿಗೆ ಹಾಕಿದೆವು.

ಭಾದ್ರಪದ ಬಂತು. ಅನಂತ ನೋಂಪಿಯ ಮುಂಚಿನ ದಿನ ತಾಯಿಯವರು, "ಅಟ್ಟದ ಮ್ಯಾಲಿನ ಕೆಂಪ ಅರಿವಿ ಗಂಟ ಎಲ್ಲೈತಿ?" ಎಂದು ಕೇಳಿದರು. ಅದು ನಮ್ಮ ಅಜ್ಜಿಯ ಪುಸ್ತಕ. ಅಜ್ಜಿ ಮೂರನೆಯ ಇಯತ್ತೆಯವರೆಗೆ ಓದಿದವರು. ಟಾಕು ದೌತಿಯಿಂದ ಕೈಯಾರೆ ನೋಂಪಿಯ ಕತೆಗಳನ್ನೂ ಹಾಡುಗಳನ್ನೂ ಬರೆದಿಟ್ಟಿದ್ದರು. ನಾವು ತಲೆ ತಗ್ಗಿಸಿ ನಿಂತೆವು. ತಾಯಿಯವರು ಬೈಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಕಿಲೋಕ್ಕ ಎಷ್ಟ ಕೊಟ್ಟ ಅವಾ?" ಎಂದಷ್ಟೇ ಕೇಳಿದರು. ಆ ದರ ನಮಗೆ ಇಂದಿಗೂ ನೆನಪಿದೆ. ಇಲ್ಲಿ ಬರೆಯಲು ನಾಚಿಕೆ.

ಈಗ ನಮ್ಮ ಗಡಿಸೀಮೆಯ ಮನೆಗಳಲ್ಲಿ ಇನ್ನೊಂದು ಕೀಲಿ ಬಿದ್ದಿದೆ. ನಮ್ಮ ಮೊಮ್ಮಗಳು ಮನೆಯಲ್ಲಿ ಕನ್ನಡ ಆಡುತ್ತಾಳೆ, ಶಾಲೆಯಲ್ಲಿ ಮರಾಠಿ, ಇಂಗ್ಲಿಷ್ ಓದುತ್ತಾಳೆ. ಕನ್ನಡ ಅಕ್ಷರ ಬಾರದು. ಕಳೆದ ಶ್ರುತಪಂಚಮಿಯ ದಿನ ಬಸದಿಯಲ್ಲಿ ಒಂದು ಕನ್ನಡ ಗ್ರಂಥವನ್ನು ಕೈಯಲ್ಲಿ ಹಿಡಿದು, "ಅಜ್ಜಾ, ಇದರಾಗ ಏನ ಬರದೈತಿ?" ಎಂದಳು. ಮೂಡುಬಿದಿರೆಯಲ್ಲಿ ಓಲೆಗಳನ್ನು ನೋಡಿ ಕೈಮುಗಿದು ಬರುತ್ತಿದ್ದ ಯಾತ್ರಿಕರು ನಮಗೆ ನೆನಪಾದರು. ಅಚ್ಚಾದ ಗ್ರಂಥ, ತೆರೆದ ಕಪಾಟು, ಮಾತೃಭಾಷೆ, ಎಲ್ಲ ಇದ್ದೂ ಮಗುವಿಗೆ ಅದು ಮೂಕವೇ.

ಈ ವರ್ಷ ಅನಂತ ಚತುರ್ದಶಿಗೆ ನಮ್ಮ ಸೊಸೆಯ 14 ವರ್ಷದ ನೋಂಪಿ ಮುಗಿಯುತ್ತದೆ. ಉದ್ಯಾಪನೆಗೆ ಸ್ಟೀಲಿನ ಡಬ್ಬಿ ಹಂಚುವುದೋ, ಬೆಳ್ಳಿಯ ಬಟ್ಟಲೋ ಎಂದು ಮನೆಯಲ್ಲಿ ಮಾತು ನಡೆದಿತ್ತು. ದೇಮಿಯಕ್ಕನ ಕತೆಯನ್ನು ಹೇಳಿದೆವು. ಸೊಸೆ ಸ್ವಲ್ಪ ಯೋಚಿಸಿ, "ಮಾವಾರ, ಅಜ್ಜಿ ಪುಸ್ತಕದಾನ ಕತಿ ಯಾರಿಗರ ಬಾಯಿಪಾಠ ಬರತಾವೇನ್ರಿ?" ಎಂದು ಕೇಳಿದಳು. ನಮಗೆ ಇಷ್ಟು ವರ್ಷ ಹೊಳೆಯದ ಮಾತು ಅದು! ನಮ್ಮ ಸೋದರತ್ತೆ ಇದ್ದಾರೆ, 88 ವರ್ಷ. ಕಣ್ಣು ಮಂದವಾಗಿದೆ, ನೆನಪು ಗಟ್ಟಿಯಾಗಿದೆ. ತಾಯಿಯ ಮಗ್ಗುಲಲ್ಲಿ ಕುಳಿತು ಆ ಕತೆಗಳನ್ನು ಕೇಳಿ ಬೆಳೆದವರು.

ಈಗ ಪ್ರತಿ ಭಾನುವಾರ ಅತ್ತೆಯವರು ಹೇಳುತ್ತಾರೆ, ಸೊಸೆ ಕನ್ನಡದಲ್ಲಿ ಬರೆಯುತ್ತಾಳೆ, ಮೊಮ್ಮಗಳು ಅದೇ ಕನ್ನಡದ ಮಾತನ್ನು ನಾಗರಿ ಅಕ್ಷರದಲ್ಲಿ ಬರೆಯುತ್ತಾಳೆ. ಬರೆದದ್ದನ್ನು ಮತ್ತೆ ಓದಿಸಿ ಕೇಳುತ್ತಾರೆ. ಹೋದ ವಾರ ಮೊಮ್ಮಗಳು ಒಂದು ಅಕ್ಷರ ಬಿಟ್ಟು ಓದಿದಳು. ಅತ್ತೆಯವರು ಹಾಸಿಗೆಯಿಂದ ಎದ್ದು ಕುಳಿತು, "ತಡಿ, ಅಲ್ಲೊಂದ ಅಕ್ಷರ ಹೋತು" ಎಂದರು. ಐದು ಕತೆಗಳು ಸಿಕ್ಕಿವೆ. ಅಜ್ಜಿಯ ಪುಸ್ತಕದಲ್ಲಿ ಎಷ್ಟಿದ್ದವೋ, ಉಳಿದವು ಹೋದಂತೆಯೇ. ಎಡಪುಟಕ್ಕೆ ಕನ್ನಡ ಲಿಪಿ, ಬಲಪುಟಕ್ಕೆ ನಾಗರಿ ಹಾಕಿ 300 ಪ್ರತಿ ಅಚ್ಚು ಹಾಕಿಸುವುದೆಂದು ನಿಶ್ಚಯಿಸಿದ್ದೇವೆ. ಎರಡೂ ಪುಟಗಳನ್ನು ಹೋಲಿಸುತ್ತ ಮೊಮ್ಮಗಳಿಗೆ ಕನ್ನಡದ ಹತ್ತಿಪ್ಪತ್ತು ಅಕ್ಷರ ಆಗಲೇ ಬಂದಿವೆ. ಸ್ಟೀಲಿನ ಡಬ್ಬಿಗಿಂತ ಖರ್ಚು ಹೆಚ್ಚೇನೂ ಇಲ್ಲ ಎಂಬುದನ್ನೂ ವ್ಯಾಪಾರಿಗಳಾಗಿ ಹೇಳಿಬಿಡುತ್ತೇವೆ.

ಸಮಾಜಬಾಂಧವರಲ್ಲಿ ನಮ್ಮ ಪ್ರಾರ್ಥನೆ ಇಷ್ಟೇ. ಮನೆ ಕೆಡವುವ ಮೊದಲು, ಅಂಗಡಿ ಸಾರಿಸುವ ಮೊದಲು, ಗಂಟುಗಳನ್ನು ಬಿಚ್ಚಿ ನೋಡಿರಿ. ಕೈಬರಹದ ಪುಸ್ತಕ ಸಿಕ್ಕರೆ ಮೊಬೈಲಿನಲ್ಲಿಯಾದರೂ ಪುಟಪುಟದ ಫೋಟೋ ತೆಗೆದು ನಾಲ್ಕು ಮನೆಗಳಲ್ಲಿ ಇಡಿರಿ. ಓಲೆಗರಿ ಸಿಕ್ಕರೆ ತಾವೇ ಒರೆಸಿ ತೊಳೆಯಲು ಹೋಗದೆ ಬಲ್ಲವರಿಗೆ ತೋರಿಸಿರಿ. ಮನೆಯಲ್ಲಿ ಹಿರಿಯರಿದ್ದರೆ ಅವರ ಬಾಯಲ್ಲಿರುವುದನ್ನು ಇಂದೇ ಬರೆದುಕೊಳ್ಳಿರಿ. ಧರಸೇನಾಚಾರ್ಯರಂತೆ ಪತ್ರ ಬರೆದು ಕರೆಯಲು ಅವರಿಗೆ ಬಾರದಿರಬಹುದು. ನಾವೇ ಹೋಗಿ ಮಗ್ಗುಲಲ್ಲಿ ಕೂಡಬೇಕು. ಮುಂದಿನ ಉದ್ಯಾಪನೆಗೆ ಏನು ಹಂಚಬೇಕೆಂಬ ಮಾತು ಬಂದಾಗ ದೇಮಿಯಕ್ಕನನ್ನು ಒಮ್ಮೆ ನೆನೆಯಿರಿ.

ನಮ್ಮ ಪುಸ್ತಕ ಅಚ್ಚಾದ ಮೇಲೆ ಒಂದು ಪ್ರತಿಯನ್ನು ಬಸದಿಯ ಕಪಾಟಿಗೂ ಕೊಡುತ್ತೇವೆ. ಆ ಕಪಾಟಿನ ಕೀಲಿಕೈ ಈ ವರ್ಷ ನಮ್ಮ ಮನೆಯ ಗೂಟಕ್ಕೇ ಇದೆ. ಪ್ರತಿ ಭಾನುವಾರ ಮುಂಜಾನೆ ಅಭಿಷೇಕ ಮುಗಿದ ಮೇಲೆ ಒಂದು ತಾಸು ಕಪಾಟು ತೆರೆದಿಡುತ್ತೇವೆ. ಓದುವವರು ಬರಬೇಕು. ಜಯ ಜಿನೇಂದ್ರ.